ಕಂಪನಿ ರಂಗಭೂಮಿಯ ಬೇಡರ ಕಣ್ಣಪ್ಪ

ಅರವತ್ತುಮೂವರು ಪುರಾತನರಲ್ಲಿ ಬೇಡರ ಕಣ್ಣಪ್ಪನಷ್ಟು ಜನಸಾಮಾನ್ಯರ ಮನಸ್ಸನ್ನು ಹೊಕ್ಕವರು ವಿರಳ. ಬಸವಾದಿ ಶರಣರ ವಚನಗಳಲ್ಲಿ ಆತನ ಹೆಸರು ಮತ್ತೆ ಮತ್ತೆ ಬರುತ್ತದೆ. ಹಂಪೆಯ ಹರಿಹರ ಆತನ ಮೇಲೆ ಒಂದು ರಗಳೆಯನ್ನೇ ರಚಿಸಿದ್ದಾನೆ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಕ್ಷರ ಬಾರದ ಎಷ್ಟೋ ಮಂದಿಗೆ ಕಣ್ಣಪ್ಪನ ದರ್ಶನ ಮಾಡಿಸಿದುದು ವೃತ್ತಿನಾಟಕ ಮಂಡಳಿಗಳ ರಂಗ. ಗುಬ್ಬಿ ಕಂಪನಿಯವರು ಆಡುತ್ತಿದ್ದ ‘ಬೇಡರ ಕಣ್ಣಪ್ಪ’ ನಾಟಕವೇ 1954ರಲ್ಲಿ ಅದೇ ಹೆಸರಿನ ಚಲನಚಿತ್ರಕ್ಕೆ ಆಧಾರವಾಯಿತು. ಪುರಾತನನೊಬ್ಬನ ಚರಿತೆ ಟಿಕೇಟಿನ ರಂಗವನ್ನು ಏರಿದಾಗ ಅದರ ತಿರುಳಿಗೆ ಏನಾಯಿತು ಎಂಬುದು ವಚನ ಸಾಹಿತ್ಯದ ಅಭ್ಯಾಸಿಗಳು ವಿಚಾರಿಸಬೇಕಾದ ಸಂಗತಿ.

ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿತು. ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬರು ಅದರ ಸ್ಥಾಪಕರು. ಶರಣರ ಹೆಸರು ಹೊತ್ತ ಮಂಡಳಿಯನ್ನು ಕಟ್ಟುವಲ್ಲಿ ಒಬ್ಬ ಮುಸಲ್ಮಾನರ ಕೈಯೂ ಇದ್ದಿತೆಂಬುದು ನೆನೆಯತಕ್ಕ ಮಾತು. 1891ರಲ್ಲಿ ಜನಿಸಿದ ವೀರಣ್ಣನವರು ಬಾಲಕರಾಗಿಯೇ ಈ ಸಂಘವನ್ನು ಸೇರಿ, ಮುಂದೆ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ನಾಡನ್ನೆಲ್ಲ ನಗಿಸಿದ ಅವರೇ 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನು ತಂದು ನಿಲ್ಲಿಸಿದರು. ಬಣ್ಣದ ಪರದೆ, ಮಾಯಾದೃಶ್ಯ, ಹಾರ್ಮೋನಿಯಂ, ಮೆಚ್ಚಿದ ಹಾಡಿಗೆ ‘ಒನ್ಸ್ ಮೋರ್’ ಕೂಗುವ ಪ್ರೇಕ್ಷಕರು, ಇದು ಆ ರಂಗದ ಸಂಪ್ರದಾಯ. ಕಣ್ಣಪ್ಪನ ಕಥೆಗಾದರೋ ಆನೆಯೂ ಬೇಡ, ಕುದುರೆಯೂ ಬೇಡ. ಒಂದು ಕಾಡು, ಒಂದು ಲಿಂಗ, ಒಬ್ಬ ಬೇಡ ಇದ್ದರೆ ಸಾಕು. ಕಷ್ಟವಿದ್ದುದು ಬೇರೆ ಕಡೆ. ಮುಗ್ಧಭಕ್ತಿ ಒಳಗಿನ ವಸ್ತು; ನಾಟಕಕ್ಕೆ ಬೇಕಾದುದು ಘರ್ಷಣೆ, ಎದುರಾಳಿ.

ಈ ಎದುರಾಳಿ ಮೂಲದಲ್ಲಿ ಇಲ್ಲ. ಹನ್ನೆರಡನೆಯ ಶತಮಾನದ ತಮಿಳು ಕವಿ ಸೇಕ್ಕಿಳಾರನ ‘ಪೆರಿಯಪುರಾಣ’ದಲ್ಲಿ ತಿಣ್ಣನೆಂಬ ಬೇಡನು ಕಾಳಹಸ್ತಿಯ ಲಿಂಗಕ್ಕೆ ಬಾಯಲ್ಲಿ ತಂದ ನೀರಿನಿಂದ ಮಜ್ಜನ ಮಾಡಿಸುತ್ತಾನೆ, ತಾನು ರುಚಿ ನೋಡಿದ ಮಾಂಸವನ್ನು ಅರ್ಪಿಸುತ್ತಾನೆ. ಅಲ್ಲಿಯ ಅರ್ಚಕ ಶಿವಗೋಚರಿಯಾರನು ಕಪಟಿಯಲ್ಲ. ಆಗಮವಿಧಿಯನ್ನು ಶ್ರದ್ಧೆಯಿಂದ ನಡೆಸುವ ಸಜ್ಜನ. ಗುಡಿ ಮೈಲಿಗೆಯಾಯಿತೆಂದು ಆತ ಮರುಗಿದಾಗ, ಶಿವನು ಸ್ವಪ್ನದಲ್ಲಿ ಬಂದು ಮರೆಯಲ್ಲಿ ನಿಂತು ನೋಡೆಂದು ಹೇಳುತ್ತಾನೆ. ಲಿಂಗದ ಒಂದು ಕಣ್ಣಿನಲ್ಲಿ ರಕ್ತ ಸುರಿದಾಗ ತಿಣ್ಣ ತನ್ನ ಕಣ್ಣನ್ನೇ ಕಿತ್ತಿಡುತ್ತಾನೆ. ಎರಡನೆಯ ಕಣ್ಣಿಗೂ ಹಾಗೆಯೇ ಆದಾಗ, ಕಣ್ಣಿಲ್ಲದವನಿಗೆ ಗುರುತು ಸಿಗಲೆಂದು ಅಲ್ಲಿ ಪಾದವನ್ನೂರಿ ಬಾಣವನ್ನೆತ್ತುತ್ತಾನೆ. ಶಿವನು ಕೈ ಹಿಡಿದು ತಡೆಯುತ್ತಾನೆ. ಇದೆಲ್ಲವನ್ನೂ ಕಾಣುವವನು ಆ ಅರ್ಚಕ. ಅಂದರೆ ಪುರಾಣದಲ್ಲಿ ಆತ ಸಾಕ್ಷಿ, ಶತ್ರುವಲ್ಲ.

ರಂಗದಿಂದ ಬೆಳ್ಳಿತೆರೆಗೆ ಬಂದ ಕಥಾರೂಪದಲ್ಲಿ ಈ ಸಾಕ್ಷಿಯೇ ಖಳನಾಗಿದ್ದಾನೆ. ಕೈಲಾಸನಾಥ ಶಾಸ್ತ್ರಿಯೆಂಬ ಅರ್ಚಕನು ಬೇಡ ದಿಣ್ಣನ ಮೇಲೆ ಕಳ್ಳತನದ ಆರೋಪ ಹೊರಿಸಿ ಹಿಂಸೆಗೆ ಗುರಿಮಾಡಿಸುತ್ತಾನೆ. ದಿಣ್ಣನೂ ಅವನ ಹೆಂಡತಿ ನೀಲೆಯೂ ದೇವಲೋಕದಿಂದ ಭೂಮಿಗೆ ತಳ್ಳಲ್ಪಟ್ಟು ಬೇಡರ ಕುಲದಲ್ಲಿ ಹುಟ್ಟಿದವರೆಂಬ ಪೀಠಿಕೆಯೂ ಸೇರಿದೆ. ಈ ಮಾರ್ಪಾಡುಗಳನ್ನು ಕೇವಲ ಹಣದಾಸೆಯೆಂದು ತಳ್ಳಿಹಾಕುವುದು ಅನ್ಯಾಯ. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನವು ಜಾರಿಗೆ ಬಂದುದು 1950ರಲ್ಲಿ, ಅದರ ಉಲ್ಲಂಘನೆಗೆ ಶಿಕ್ಷೆ ವಿಧಿಸುವ ಕಾಯಿದೆಯಾದುದು 1955ರಲ್ಲಿ. ಗುಡಿಯ ಬಾಗಿಲು ಯಾರಿಗೆ ತೆರೆಯಬೇಕೆಂಬ ಪ್ರಶ್ನೆ ಊರೂರಲ್ಲಿಯೂ ಬಿಸಿಯಾಗಿದ್ದ ಕಾಲದಲ್ಲಿ, ಬೇಡನೊಬ್ಬ ಗರ್ಭಗುಡಿಯಲ್ಲಿ ನಿಂತು ಶಿವನನ್ನು ಒಲಿಸಿಕೊಳ್ಳುವ ದೃಶ್ಯಕ್ಕೆ ಉಪದೇಶದ ನೂರು ಮಾತಿಗಿಂತ ಹೆಚ್ಚಿನ ಬಲವಿತ್ತು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದ ಪ್ರೇಕ್ಷಕರ ಕಣ್ಣೆದುರು ಲಿಂಗದ ಮೇಲೆ ಪಾದವನ್ನಿಡುವ ಕಥೆಯಿದು. ಅದನ್ನು ಅಪಚಾರವೆಂದು ಎಣಿಸದೆ ಕಣ್ಣೀರಿಟ್ಟು ನೋಡುವಂತೆ ಮಾಡುವುದು ನಟನಿಗೆ ಸುಲಭಸಾಧ್ಯವಲ್ಲ.

ಆದರೂ ಕಳೆದುಹೋದುದು ಸಣ್ಣದಲ್ಲ. ಪೂಜಾರಿ ದುಷ್ಟನಾದರೆ ಜಗಳ ಒಬ್ಬ ದುಷ್ಟನೊಡನೆ ಮಾತ್ರ ನಡೆಯುತ್ತದೆ. ಅವನು ತೊಲಗಿದರೆ ಗುಡಿಯೂ ಮಡಿಯೂ ಹಿಂದಿನಂತೆಯೇ ಉಳಿಯುತ್ತವೆ. ಪುರಾತನರ ಕಥೆ ಇದಕ್ಕಿಂತ ಕಠಿನವಾದುದು. ಅರ್ಚಕ ಒಳ್ಳೆಯವನೇ, ಅವನ ವಿಧಿಯೂ ಶಾಸ್ತ್ರಸಮ್ಮತವೇ. ಆದರೂ ಬೇಡನ ಎಂಜಲು ಅದಕ್ಕಿಂತ ಮೇಲಾಯಿತು. ಶರಣರು ಕಣ್ಣಪ್ಪನನ್ನು ನೆನೆದುದರ ಹಿಂದೆ ಇದ್ದುದು ಈ ಕಠಿನತೆಯೇ. ಖಳನ ಸೃಷ್ಟಿಯಿಂದ ರಂಗಕ್ಕೆ ಬಿಗುವು ಬಂದಿತು, ತತ್ತ್ವದ ಮೊನೆ ಮೊಂಡಾಯಿತು.

ದೇವಲೋಕದ ಪೀಠಿಕೆಯ ವಿಷಯದಲ್ಲಿ ಮಾತ್ರ ನಾಟಕದವರನ್ನು ಹೆಚ್ಚು ದೂರುವಂತಿಲ್ಲ. ಬಸವರಾಜದೇವರ ರಗಳೆಯಲ್ಲಿಯೂ ಮಹಾದೇವಿಯಕ್ಕನ ರಗಳೆಯಲ್ಲಿಯೂ ನಾಯಕ ನಾಯಕಿಯರನ್ನು ಕೈಲಾಸದಿಂದಲೇ ಇಳಿಸಿದವನು ಹರಿಹರ. ಆ ಕಾವ್ಯಮಾರ್ಗವೇ ಕಂಪನಿ ನಾಟಕದವರೆಗೆ ಹರಿದುಬಂದಿದೆ. ಆದರೆ ಬೇಡನು ನಿಜವಾಗಿ ಬೇಡನಲ್ಲ, ಶಾಪಗ್ರಸ್ತ ದೇವನೆಂದರೆ, ಕುಲವನ್ನು ಮೀರಿದ ಭಕ್ತಿಗೆ ಆತ ನಿದರ್ಶನವಾಗುವುದಾದರೂ ಹೇಗೆ?

ಚಿತ್ರವನ್ನು ನಿರ್ದೇಶಿಸಿದ ಎಚ್.ಎಲ್.ಎನ್. ಸಿಂಹ ಅವರೂ ರಂಗಭೂಮಿಯಿಂದ ಬಂದವರೇ. ಗುಬ್ಬಿ ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್ ಈ ಚಿತ್ರದಿಂದ ರಾಜ್‌ಕುಮಾರ್ ಆದರು. ಪಂಡರಿಬಾಯಿಯವರು ನೀಲೆಯಾದರು; ನರಸಿಂಹರಾಜು, ಜಿ.ವಿ. ಅಯ್ಯರ್ ಅವರೂ ಜೊತೆಗಿದ್ದರು. ಸ್ಪಷ್ಟವಾದ ಉಚ್ಚಾರಣೆ, ತುಂಬುಕಂಠದ ಸಂಭಾಷಣೆ ಇವೆಲ್ಲ ಅವರಿಗೆ ರಂಗದ ಪಾಠಶಾಲೆಯಿಂದ ಬಂದ ಸಂಪತ್ತು. ಮುಂದೆ ಚಿತ್ರಗಳಿಗೆ ಅಭಾವ ಬಂದ ಕಾಲದಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಅಯ್ಯರ್ ಒಟ್ಟುಗೂಡಿ ಊರೂರು ಸುತ್ತಿ ನಾಟಕಗಳನ್ನಾಡಿದರು. ಅವರ ಸಂಘವೇ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದಿತು. ವೀರಣ್ಣನವರು 1972ರಲ್ಲಿ ಲಿಂಗೈಕ್ಯರಾದರು.

ಕಣ್ಣಪ್ಪನ ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. 1954ರಲ್ಲಿಯೇ ‘ಕಾಳಹಸ್ತಿ ಮಹಾತ್ಮ್ಯಂ’ ಎಂಬ ಹೆಸರಿನಿಂದ ತೆಲುಗಿಗೆ ಹೋಗಿ, ಕಾಳಹಸ್ತಿಯಿರುವ ನಾಡಿಗೇ ಕನ್ನಡದ ನಟನೊಡನೆ ಹಿಂತಿರುಗಿತು. 1988ರ ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿ ಶಿವರಾಜ್‌ಕುಮಾರ್ ಕಣ್ಣಪ್ಪನಾದರು, ಒಂದು ಕಾಲಕ್ಕೆ ಬೇಡನಾಗಿ ಕಣ್ಣಿತ್ತಿದ್ದ ತಂದೆ ಅದರಲ್ಲಿ ಶಿವನ ಪಾತ್ರವನ್ನು ಧರಿಸಿದರು.