ಹಗುರ ಕಾರಿಗೆ ಯಾವ ಟೈರು?

ಜಪಾನಿನ ಮಾಜ್ದಾ ಕಂಪೆನಿ 2017ರಲ್ಲಿ ಒಂದು ಅಪರೂಪದ ಯೋಜನೆಯನ್ನು ಪ್ರಕಟಿಸಿತು. 1989ರಲ್ಲಿ ತಾನೇ ಹೊರತಂದಿದ್ದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರನ್ನು ಮಾಲೀಕರಿಂದ ಪಡೆದು, ಮೊದಲಿದ್ದಂತೆ ಮಾಡಿ ಹಿಂತಿರುಗಿಸುವ ಯೋಜನೆ ಅದು. ಜಪಾನಿನಲ್ಲಿ ‘ರೋಡ್‌ಸ್ಟರ್’ ಎಂದೂ ಹೊರದೇಶಗಳಲ್ಲಿ ‘ಎಂಎಕ್ಸ್-5’ ಎಂದೂ ಹೆಸರಾದ ಕಾರು ಇದು. ಮಡಚುವ ಬಟ್ಟೆಯ ಮಾಡು, ಮರದ ಸ್ಟಿಯರಿಂಗ್ ಚಕ್ರ, ಗೇರಿನ ಹಿಡಿ ಮುಂತಾದವು ಮತ್ತೆ ತಯಾರಾದವು. ಇವುಗಳ ಜೊತೆಗೆ ಬ್ರಿಜ್‌ಸ್ಟೋನ್ ಕಂಪೆನಿ ಆ ಕಾರಿನ ಮೂಲ ಟೈರನ್ನೂ ಅದೇ ಅಳತೆಯಲ್ಲಿ ಮತ್ತೆ ತಯಾರಿಸಿಕೊಟ್ಟಿತು.

ಮೇಲುನೋಟಕ್ಕೆ ಇದು ವಿಚಿತ್ರವಾಗಿ ತೋರುತ್ತದೆ. ಟೈರು ಸವೆಯುವ ವಸ್ತು. ಸವೆದರೆ ಅಂಗಡಿಗೆ ಹೋಗಿ ಬೇರೆ ಹಾಕಿಸಿದರಾಯಿತು. ಅದೂ 1989ಕ್ಕಿಂತ ಇಂದಿನ ಟೈರುಗಳು ಎಷ್ಟೋ ಮುಂದುವರಿದಿವೆ. ಹೀಗಿರುವಾಗ ಹಳೆಯದರ ಹಂಬಲವೇಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಟೈರು ಮತ್ತು ಹಗುರ ಕಾರುಗಳ ಚರಿತ್ರೆಯತ್ತ ಸ್ವಲ್ಪ ಹೊರಳಬೇಕು.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅದು ಮರೆತೇಹೋಗಿತ್ತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದರು. ಮುಂದೆ ಬಹುಕಾಲ ಕಾರಿನ ಟೈರುಗಳೊಳಗೆ ನೂಲಿನ ಪದರಗಳನ್ನು ಓರೆಯಾಗಿ, ಒಂದರ ಮೇಲೊಂದು ಅಡ್ಡಹಾಯುವಂತೆ ಹಾಸುತ್ತಿದ್ದರು. ಇವು ಕ್ರಾಸ್‌ಪ್ಲೈ ಟೈರುಗಳು. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪೆನಿ ರೇಡಿಯಲ್ ಟೈರಿಗೆ ಪೇಟೆಂಟ್ ಪಡೆಯಿತು. ಇದರಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುತ್ತವೆ. ನೆಲಕ್ಕೆ ತಾಗುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಟೈರಿನ ಪಕ್ಕ ಬಾಗುತ್ತದೆ, ತಳ ಮಾತ್ರ ಅಂಟಿಕೊಂಡೇ ಇರುತ್ತದೆ. ಎರಡು ಜಾತಿಗಳ ನಡತೆ ಬೇರೆಬೇರೆ. ಮುಂದಕ್ಕೆ ರೇಡಿಯಲ್, ಹಿಂದಕ್ಕೆ ಕ್ರಾಸ್‌ಪ್ಲೈ ಹಾಕಿದರೆ ತಿರುವಿನಲ್ಲಿ ಹಿಂಬದಿ ಜಾರಿ ಕಾರು ಬುಗುರಿಯಂತೆ ತಿರುಗೀತು. ಬ್ರಿಟನ್ನಿನ ಕಾನೂನು ಈ ಜೋಡಣೆಯನ್ನು ನಿಷೇಧಿಸಿದೆ.

ಈ ಬದಲಾವಣೆಯ ಕಾಲದಲ್ಲೇ, 1962ರಲ್ಲಿ, ಇಂಗ್ಲೆಂಡಿನ ಲೋಟಸ್ ಕಂಪೆನಿಯ ಕಾಲಿನ್ ಚಾಪ್‌ಮನ್ ‘ಎಲಾನ್’ ಕಾರನ್ನು ಹೊರತಂದರು. ಉಕ್ಕಿನ ಬೆನ್ನೆಲುಬು, ಫೈಬರ್‌ಗ್ಲಾಸ್ ಮೈ, ತೂಕ 700 ಕೆ.ಜಿ.ಯ ಆಸುಪಾಸು. ಚಕ್ರ 13 ಇಂಚಿನದು. ಇದಕ್ಕೆ ಬಳಸುತ್ತಿದ್ದ ರೇಡಿಯಲ್ ಟೈರಿನ ಅಗಲ 145 ಮಿ.ಮೀ.; ನಮ್ಮ ಮಾರುತಿ 800ರ ಟೈರಿನಷ್ಟೇ. ಆದರೂ ತಿರುವುಗಳಲ್ಲಿ ಎಲಾನ್‌ಗಿದ್ದ ಹಿಡಿತ ಹೆಸರುವಾಸಿಯಾಯಿತು. ಮೆದು ಸ್ಪ್ರಿಂಗು, ಹಗುರ ಚಕ್ರ, ಕಿರಿದಾದ ಟೈರು ಇವು ಒಂದಕ್ಕೊಂದು ಹೊಂದಿಕೊಂಡಿದ್ದುದೇ ಅದರ ಗುಟ್ಟು.

ಮಾಜ್ದಾದ ಎಂಜಿನಿಯರುಗಳಿಗೆ ಸ್ಫೂರ್ತಿಯಾದದ್ದು ಎಲಾನ್‌ನಂಥ ಬ್ರಿಟಿಷ್ ಕಾರುಗಳೇ. ಕುದುರೆಯೂ ಸವಾರನೂ ಒಂದೇ ಜೀವವಾಗುವುದು ಎಂಬರ್ಥದ ‘ಜಿನ್ಬಾ ಇತ್ತಾಯ್’ ಎಂಬ ಜಪಾನಿ ನುಡಿ ಅವರ ಧ್ಯೇಯವಾಯಿತು. ಸುಮಾರು 950 ಕೆ.ಜಿ. ತೂಕದ ಆ ಕಾರಿಗೆ ಅವರು ಹಾಕಿದ್ದು 185/60 ಆರ್ 14 ಅಳತೆಯ ಟೈರು. ಮೊದಲ ಪೀಳಿಗೆಯ ಈ ಕಾರುಗಳು 1997ರವರೆಗೆ 4 ಲಕ್ಷಕ್ಕೂ ಹೆಚ್ಚು ತಯಾರಾದವು.

ಈ ಅಂಕಿಗಳ ಅರ್ಥವೇನು? 185 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. 60 ಎಂದರೆ ಟೈರಿನ ಪಕ್ಕದ ಎತ್ತರ ಅಗಲದ ಶೇಕಡಾ 60, ಅಂದರೆ 111 ಮಿ.ಮೀ. ‘ಆರ್’ ರೇಡಿಯಲ್‌ನ ಸಂಕೇತ, 14 ರಿಮ್ಮಿನ ಅಡ್ಡಗಲ ಇಂಚುಗಳಲ್ಲಿ. ಒಟ್ಟು ಚಕ್ರದ ಎತ್ತರ ಸುಮಾರು 578 ಮಿ.ಮೀ. ಇದರ ಬದಲು 15 ಇಂಚಿನ ರಿಮ್ಮಿಗೆ 195/50 ಅಳತೆಯ ಟೈರು ಹಾಕಿದರೆ ಎತ್ತರ 576 ಮಿ.ಮೀ. ಆಗುತ್ತದೆ. ವ್ಯತ್ಯಾಸ ಎರಡೇ ಮಿಲಿಮೀಟರು. ವೇಗಮಾಪಕ ಸುಳ್ಳು ಹೇಳುವುದಿಲ್ಲ. ಆದ್ದರಿಂದಲೇ ಅನೇಕರು ಇದನ್ನು ಆರಿಸುತ್ತಾರೆ. ಆದರೆ ಟೈರಿನ ಪಕ್ಕ 111 ಮಿ.ಮೀ.ನಿಂದ 97.5ಕ್ಕೆ ಇಳಿದಿರುತ್ತದೆ. ರಸ್ತೆಯ ಕುಲುಕಾಟವನ್ನು ನುಂಗುತ್ತಿದ್ದ ಮೆತ್ತೆ ಅಷ್ಟು ತೆಳುವಾಯಿತು ಎಂದರ್ಥ.

ಅಗಲವಾದಷ್ಟೂ ಟೈರು ಒಳ್ಳೆಯದು ಎಂಬ ನಂಬಿಕೆ ಸಾಮಾನ್ಯ. ಭಾರದ ಕಾರಿನಲ್ಲಿ ಅದು ಒಂದಿಷ್ಟು ನಿಜವಿರಬಹುದು. ಕಾರು ನೆಲಕ್ಕೆ ತಾಗುವುದು ನಾಲ್ಕು ಅಂಗೈಯಗಲದ ಜಾಗಗಳಲ್ಲಿ ಮಾತ್ರ. ಆ ಜಾಗದ ವಿಸ್ತಾರವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ತೂಕ ಮತ್ತು ಟೈರಿನೊಳಗಿನ ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಅದರ ಆಕಾರ ಬದಲಾಗುತ್ತದೆಯೇ ಹೊರತು ವಿಸ್ತಾರ ಅಷ್ಟಾಗಿ ಹೆಚ್ಚುವುದಿಲ್ಲ. ಹಗುರ ಕಾರಿಗೆ ತೀರ ಅಗಲದ ಟೈರು ಹಾಕಿದರೆ ಮಳೆನೀರಿನ ಮೇಲೆ ಬೇಗ ತೇಲುತ್ತದೆ, ಪವರ್ ಸ್ಟಿಯರಿಂಗ್ ಇಲ್ಲದ ಕಾರು ತಿರುಗಿಸಲು ಭಾರವಾಗುತ್ತದೆ. ಪಂದ್ಯಗಳಿಗೆಂದು ಮಾಡಿದ ಅಂಟು ರಬ್ಬರು ಚೆನ್ನಾಗಿ ಬಿಸಿಯಾದರೆ ಮಾತ್ರ ಹಿಡಿಯುತ್ತದೆ. ಅದನ್ನು ಬಿಸಿ ಮಾಡುವಷ್ಟು ಭಾರವೇ ಈ ಕಾರುಗಳಿಗಿಲ್ಲ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎನ್ನುವಂತಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕು ಒತ್ತಿದಾಗ ಇಂದಿನ ರಬ್ಬರು ಮಿಶ್ರಣ ಕಾರನ್ನು ಬೇಗ ನಿಲ್ಲಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಟೈರಿನ ವಯಸ್ಸಿನದು. ಹಳೆಯ ಸ್ಪೋರ್ಟ್ಸ್ ಕಾರು ವರ್ಷದಲ್ಲಿ ಓಡುವುದೇ ಕಡಿಮೆ. ಟೈರು ಸವೆದಿರುವುದಿಲ್ಲ, ನೋಡಲು ಹೊಸದರಂತಿರುತ್ತದೆ. ಆದರೆ ಬಿಸಿಲು, ಶಾಖ, ಗಾಳಿಗಳಿಂದ ರಬ್ಬರು ನಿಂತಲ್ಲೇ ಗಡುಸಾಗಿ ಬಿರುಕು ಬಿಡುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದರ ಜಾತಕ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷ ದಾಟಿದ ಟೈರನ್ನು ಬದಲಿಸಿ ಎನ್ನುತ್ತಾರೆ ತಯಾರಕರು.

ತೊಡಕು ಇರುವುದು ಇಲ್ಲಿಯೇ. ಟೈರನ್ನು ಕೂಡಿಟ್ಟುಕೊಳ್ಳುವಂತಿಲ್ಲ, ಹೊಸದೇ ಬೇಕು. ಆದರೆ ಕಾರುಗಳು ದೊಡ್ಡವಾದಂತೆ ಚಕ್ರಗಳೂ ಬೆಳೆದವು. 13 ಮತ್ತು 14 ಇಂಚಿನ ಅಳತೆಗಳಲ್ಲಿ ವೇಗದ ಕಾರಿಗೆ ಒಪ್ಪುವ ಟೈರುಗಳು ವಿರಳವಾದವು. ಅಳತೆಯೊಂದು ಮಾರುಕಟ್ಟೆಯಿಂದ ಮರೆಯಾದರೆ ಅದನ್ನು ನೆಚ್ಚಿದ ಕಾರು ವಸ್ತುಸಂಗ್ರಹಾಲಯದ ವಸ್ತುವಾಗುತ್ತದೆ. ಪಿರೆಲ್ಲಿಯಂಥ ಕಂಪೆನಿಗಳು ಹಳೆಯ ಟೈರುಗಳ ರೂಪ ಹಾಗೇ ಇಟ್ಟು, ಇಂದಿನ ರಬ್ಬರು ಮಿಶ್ರಣ ಬಳಸಿ ಮತ್ತೆ ತಯಾರಿಸುತ್ತಿರುವುದು ಈ ಕಾರಣಕ್ಕೆ.

ವೀಣೆಯ ತಂತಿಯನ್ನು ಆಗಾಗ ಬದಲಿಸಲೇಬೇಕು. ತಂತಿ ಹೊಸದಾದ ಮಾತ್ರಕ್ಕೆ ವೀಣೆ ಬೇರೆಯಾಗುವುದಿಲ್ಲ. ಆದರೆ ದಪ್ಪ ತಂತಿ ಗಟ್ಟಿಯೆಂದು ಅದನ್ನೇ ಬಿಗಿದರೆ ನಾದ ಕೆಡುತ್ತದೆ. ಹಗುರ ಕಾರಿಗೆ ಟೈರು ಆರಿಸುವ ವಿವೇಕವೂ ಇಂಥದೇ. ಮೂಲದ ಅಳತೆ, ವಯಸ್ಸಾಗದ ರಬ್ಬರು, ನಾಲ್ಕೂ ಚಕ್ರಕ್ಕೆ ಒಂದೇ ಜಾತಿ ಇಷ್ಟನ್ನು ಪಾಲಿಸಿದರೆ ಸಾಕು. ಕಾರನ್ನು ರೂಪಿಸಿದವರು ಅಂದು ಕಂಡಿದ್ದ ಓಟ ಇಂದು ಸ್ಟಿಯರಿಂಗ್ ಹಿಡಿದವರ ಕೈಗೂ ದಕ್ಕುತ್ತದೆ.