ವಿಲ್ಮ್ಸ್ ಗಡ್ಡೆ: ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ಕೆಟ್ಟ ಸುದ್ದಿಯೇ?

ಮಗುವಿಗೆ ಸ್ನಾನ ಮಾಡಿಸುವಾಗ ಹೊಟ್ಟೆಯ ಒಂದು ಬದಿ ಗಟ್ಟಿಯಾಗಿ ಕೈಗೆ ತಾಗುತ್ತದೆ. ಮಗುವಿಗೆ ನೋವೇ ಇಲ್ಲದಿರಬಹುದು. ಮಕ್ಕಳ ಮೂತ್ರಪಿಂಡದ ಕ್ಯಾನ್ಸರ್ ಎಷ್ಟೋ ಸಲ ಗೊತ್ತಾಗುವುದು ಹೀಗೆಯೇ. ಇದರಲ್ಲಿ ಅತಿ ಹೆಚ್ಚಾಗಿ ಕಾಣುವುದು ವಿಲ್ಮ್ಸ್ ಗಡ್ಡೆ. 1899ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರನ್ನೇ ಇದಕ್ಕೆ ಇಡಲಾಗಿದೆ. ಹೆಚ್ಚಿನ ರೋಗಿಗಳು 5 ವರ್ಷದೊಳಗಿನ ಮಕ್ಕಳು.

ಗಡ್ಡೆಯ ಪರೀಕ್ಷಾ ವರದಿಯಲ್ಲಿ ಕೆಲವು ಪ್ರೋಟೀನ್‌ಗಳ ಮುಂದೆ ‘ಪಾಸಿಟಿವ್’ ಎಂದು ಕಂಡರೆ ಹೆತ್ತವರು ಹೆದರುವುದು ಸಹಜ. ಆದರೆ ಆ ಪದದ ಅರ್ಥ ಇಷ್ಟೇ: ಆ ಪ್ರೋಟೀನ್ ಜೀವಕೋಶಗಳಲ್ಲಿ ಇದೆ.

ಯಾವ ಪ್ರೋಟೀನ್ ಏನು ಹೇಳುತ್ತದೆ?

ಡಬ್ಲ್ಯುಟಿ1: ಗರ್ಭದಲ್ಲಿ ಮೂತ್ರಪಿಂಡ ರೂಪುಗೊಳ್ಳಲು ಇದು ಬೇಕೇ ಬೇಕು. ಇದರ ಜೀನ್ 11ನೇ ಕ್ರೋಮೋಸೋಮ್‌ನಲ್ಲಿರುವುದು 1990ರಲ್ಲಿ ತಿಳಿಯಿತು. ಗಡ್ಡೆ ಯಾವ ಜಾತಿಯದು ಎಂದು ಗುರುತಿಸಲು ಇದು ನೆರವಾಗುತ್ತದೆ. ಗಡ್ಡೆ ಎಷ್ಟು ಉಗ್ರ ಎಂಬುದನ್ನು ಇದೊಂದೇ ಹೇಳಲಾರದು.

ಕಿ-67: ವಿಭಜನೆಯಾಗುತ್ತಿರುವ ಜೀವಕೋಶಗಳಲ್ಲಿ ಕಾಣುತ್ತದೆ. ವೇಗವಾಗಿ ಬೆಳೆಯುವ ಗಡ್ಡೆ ಕೀಮೋಥೆರಪಿಗೆ ಚೆನ್ನಾಗಿ ಕರಗುವುದೂ ಉಂಟು. ಹಾಗಾಗಿ ಈ ಸಂಖ್ಯೆ ಹೆಚ್ಚಿದೆ ಎಂದ ಮಾತ್ರಕ್ಕೆ ಆಶೆ ಬಿಡಬೇಕಿಲ್ಲ.

ಪಿ53: ಕೆಟ್ಟ ಜೀವಕೋಶಗಳನ್ನು ತಡೆಯುವ ಕಾವಲುಗಾರ ಇದು. ಸರಿಯಾಗಿದ್ದಾಗ ಬೇಗ ಕರಗಿಹೋಗುತ್ತದೆ. ಜೀನ್ ಕೆಟ್ಟಾಗ ಸಾಮಾನ್ಯವಾಗಿ ಜೀವಕೋಶದ ಕೇಂದ್ರದಲ್ಲಿ ರಾಶಿಯಾಗುತ್ತದೆ. ಕೆಲವೊಮ್ಮೆ ಪೂರ್ತಿ ಇಲ್ಲವಾಗುತ್ತದೆ. ಆದ್ದರಿಂದ ‘ನೆಗೆಟಿವ್’ ಕೂಡ ಯಾವಾಗಲೂ ಸಮಾಧಾನದ ಮಾತಲ್ಲ. ಪಿ53 ಕೆಡುವುದಕ್ಕೂ ‘ಅನಾಪ್ಲೇಸಿಯಾ’ ಎಂಬ ಲಕ್ಷಣಕ್ಕೂ ನಂಟಿದೆ. ಅಂಥ ಗಡ್ಡೆಯಲ್ಲಿ ಜೀವಕೋಶದ ಕೇಂದ್ರಗಳು ವಿಪರೀತ ದೊಡ್ಡದಾಗಿ, ವಿಕಾರವಾಗಿ ಕಾಣುತ್ತವೆ. ಔಷಧಿಗೆ ಸುಲಭವಾಗಿ ಬಗ್ಗದ ಗಡ್ಡೆಗಳಿವು.

ಚಿಕಿತ್ಸೆ ನಿರ್ಧಾರವಾಗುವುದು ಹೇಗೆ?

ಮುಖ್ಯವಾಗಿ ಎರಡು ವಿಷಯಗಳಿಂದ: ಗಡ್ಡೆ ಎಲ್ಲಿಯವರೆಗೆ ಹರಡಿದೆ, ಸೂಕ್ಷ್ಮದರ್ಶಕದಲ್ಲಿ ಹೇಗೆ ಕಾಣುತ್ತದೆ. ಮೊದಲು ಕೀಮೋ ಕೊಟ್ಟಿದ್ದರೆ, ಅದರ ನಂತರ ಯಾವ ಬಗೆಯ ಜೀವಕೋಶಗಳು ಉಳಿದಿವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅನಾಪ್ಲೇಸಿಯಾ ಇಲ್ಲದಿದ್ದರೆ, ಒಳ್ಳೆಯ ಚಿಕಿತ್ಸೆ ಸಿಗುವಲ್ಲಿ 10ರಲ್ಲಿ ಸುಮಾರು 9 ಮಕ್ಕಳು ಬದುಕುಳಿಯುತ್ತಾರೆ.

ಈ ಲೆಕ್ಕ ತಪ್ಪಬಾರದು. ಉಗ್ರ ಗಡ್ಡೆಗೆ ಸೌಮ್ಯ ಔಷಧಿ ಸಾಲದು. ಸೌಮ್ಯ ಗಡ್ಡೆಗೆ ಡಾಕ್ಸೊರುಬಿಸಿನ್‌ನಂಥ ಔಷಧಿ ಸುಮ್ಮನೆ ಕೊಟ್ಟರೆ, ಗುಣವಾದ ಮಗುವಿನ ಹೃದಯಕ್ಕೆ ಮುಂದೆ ತೊಂದರೆಯಾಗಬಹುದು.

ವರದಿ ಕೈಗೆ ಬಂದಾಗ ವೈದ್ಯರನ್ನು ಮೂರು ಪ್ರಶ್ನೆ ಕೇಳಿ: ಗಡ್ಡೆಯ ಬಗೆ ಯಾವುದು? ಅನಾಪ್ಲೇಸಿಯಾ ಇದೆಯೇ? ಎಷ್ಟನೇ ಹಂತ? ಇನ್ನೊಂದು ಮಾತು: ಮಗುವಿನ ಹೊಟ್ಟೆಯಲ್ಲಿ ಗಡ್ಡೆ ಕಂಡರೆ ಮತ್ತೆ ಮತ್ತೆ ಒತ್ತಿ ನೋಡಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.