ಕಾಡು, ಗಣಿ, ಕ್ಯಾಂಪಸ್: ಮೌಖಿಕ ಇತಿಹಾಸ ಬೆಳೆದ ಬಗೆ

ಮರ ಕಡಿದವರೂ ಗಣಿಗೆ ಇಳಿದವರೂ ತಮ್ಮ ಬದುಕನ್ನು ಬರೆದಿಟ್ಟದ್ದು ಕಡಿಮೆ. ಕಂಪನಿಗಳ ಲೆಕ್ಕಪತ್ರಗಳಲ್ಲಿ ಕೂಲಿಯ ಮೊತ್ತ ಇರುತ್ತದೆ. ಕೆಲಸ ಹೇಗೆ ಸಾಗುತ್ತಿತ್ತು, ಅಪಘಾತವಾದ ದಿನ ಮನೆಯಲ್ಲಿ ಏನಾಯಿತು ಎಂಬುದನ್ನು ಕೇಳಿಯೇ ತಿಳಿಯಬೇಕು. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಹೀಗೆ ಕೇಳಿ ದಾಖಲಿಸುವ ಮೌಖಿಕ ಇತಿಹಾಸದ ಹೊಣೆಯನ್ನು ಬಹುಮಟ್ಟಿಗೆ ಹೊತ್ತವು ವಿಶ್ವವಿದ್ಯಾಲಯಗಳು. ಅವುಗಳ ದೃಷ್ಟಿ ಕಾರ್ಮಿಕರ ಕಡೆಗೆ ತಿರುಗುವುದರಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು.

ಮೊದಲ ಘಟ್ಟದಲ್ಲಿ ಮಾತಿಗೆ ಸಿಕ್ಕವರು ದೊಡ್ಡವರೇ. 1948ರಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ರಾಜಕಾರಣಿಗಳು, ಉದ್ಯಮಿಗಳ ನೆನಪಿಗೆ ಒತ್ತು ಕೊಟ್ಟಿತು. 1954ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲೂ ಇಂಥದೇ ಕಚೇರಿ ತೆರೆಯಿತು. ಅಲ್ಲಿ 1980ರ ದಶಕದಲ್ಲಿ ಶುರುವಾದ ಪಶ್ಚಿಮ ರಾಜ್ಯಗಳ ಗಣಿಗಾರಿಕೆಯ ಸಂದರ್ಶನ ಮಾಲೆಯಲ್ಲಿ ಎಂಜಿನಿಯರುಗಳು, ಭೂವಿಜ್ಞಾನಿಗಳೇ ಹೆಚ್ಚು. ಆದರೂ ಕ್ಯಾಲಿಫೋರ್ನಿಯಾದ ಮೆಕ್‌ಲಾಫ್ಲಿನ್ ಚಿನ್ನದ ಗಣಿಯ ಬಗ್ಗೆ ಕೇಳುವಾಗ ಸುತ್ತಲಿನ ನಿವಾಸಿಗಳನ್ನೂ ಮಾತಾಡಿಸಲಾಯಿತು.

ಬೇರೆ ದಾರಿ ತೋರಿಸಿದ್ದು ಅಮೆರಿಕದ ಮೇನ್ ರಾಜ್ಯ. 1955ರಲ್ಲಿ ಒರೊನೊದ ಮೇನ್ ವಿಶ್ವವಿದ್ಯಾಲಯಕ್ಕೆ ಬಂದ ಅಧ್ಯಾಪಕ ಎಡ್ವರ್ಡ್ 'ಸ್ಯಾಂಡಿ' ಐವ್ಸ್ ಮರಕಡಿಯುವವರ ಹಾಡುಗಳ ಬೆನ್ನು ಹತ್ತಿದರು. ಹಾಡು ಕಟ್ಟುತ್ತಿದ್ದ ಲ್ಯಾರಿ ಗಾರ್ಮನ್ ಕುರಿತ ಅವರ ಪುಸ್ತಕ 1964ರಲ್ಲಿ ಬಂತು. ಹಾಡು ಹುಡುಕುತ್ತಾ ಹೋದಂತೆ ಕಟ್ಟಿದವರ ದುಡಿಮೆಯೂ ಅವರಿಗೆ ಮುಖ್ಯವಾಯಿತು. ತರಗತಿಯ ವಿದ್ಯಾರ್ಥಿಗಳ ಕೈಗೆ ಟೇಪ್ ರೆಕಾರ್ಡರ್ ಕೊಟ್ಟು ಕಳಿಸಿದರು. ಎಷ್ಟೋ ಮಂದಿ ಹೋದದ್ದು ತಮ್ಮದೇ ನೆಂಟರಿಷ್ಟರ ಮನೆಗೆ. ಕೊಡಲಿ, ಗರಗಸ, ಕುದುರೆ, ಕ್ಯಾಂಪಿನ ಊಟ, ಹೊಳೆಯಲ್ಲಿ ತೇಲಿಬಂದ ದಿಮ್ಮಿಗಳನ್ನು ಮಾಲೀಕರ ಗುರುತು ನೋಡಿ ಬೇರ್ಪಡಿಸುವ ಕ್ರಮ, ಎಲ್ಲವೂ ದಾಖಲಾದವು. ಪೆನಾಬ್‌ಸ್ಕಾಟ್ ನದಿಯ ಈ ಕೆಲಸದ ಕುರಿತ 'ಆರ್ಗೈಲ್ ಬೂಮ್' ಎಂಬ ಕೃತಿ ಅಂಥ ಸಂದರ್ಶನಗಳಿಂದಲೇ ರೂಪುಗೊಂಡಿತು. 1976ರಲ್ಲಿ ಕೆನೆಬೆಕ್ ನದಿಯಲ್ಲೂ ದಿಮ್ಮಿ ತೇಲಿಸುವುದು ನಿಂತಿತು. ಈ ದಾಖಲೆಗಳು ತಕ್ಕ ಹೊತ್ತಿಗೇ ಆಗಿದ್ದವು.

ಗಣಿ ಸೀಮೆಗಳಲ್ಲೂ 1970ರ ದಶಕವೇ ತಿರುವು. ಕೆಂಟಕಿಯ ಆಲಿಸ್ ಲಾಯ್ಡ್ ಕಾಲೇಜು ಪಾಲ್ಗೊಂಡ ಅಪಲೇಚಿಯನ್ ಮೌಖಿಕ ಇತಿಹಾಸ ಯೋಜನೆಯಲ್ಲಿ ವಿದ್ಯಾರ್ಥಿಗಳೇ ಊರೂರು ತಿರುಗಿ ಸಂದರ್ಶನ ಮಾಡಿದರು. ಅದರ ಫಲ 1977ರ 'ಅವರ್ ಅಪಲೇಚಿಯಾ' ಪುಸ್ತಕ. ದಕ್ಷಿಣ ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿಗಳು ಮುಚ್ಚಿದಂತೆ, ಕಾರ್ಮಿಕರು ಕಾಸು ಕೂಡಿಸಿ ಕಟ್ಟಿದ ಗ್ರಂಥಾಲಯಗಳೂ ಚದುರತೊಡಗಿದವು. ಸ್ವಾನ್‌ಸೀ ವಿಶ್ವವಿದ್ಯಾಲಯದ ಸಂಶೋಧಕರು ಆ ಪುಸ್ತಕಗಳನ್ನೂ ಗಣಿಗರ ಮಾತುಗಳನ್ನೂ ಒಟ್ಟಿಗೇ ಸಂಗ್ರಹಿಸಿ 1973ರಲ್ಲಿ ಮೈನರ್ಸ್ ಲೈಬ್ರರಿ ತೆರೆದರು. ವಯಸ್ಕರ ಶಿಕ್ಷಣವೂ ಅದರೊಂದಿಗೆ ಬೆಸೆದುಕೊಂಡಿತು.

ನೆನಪನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಮೊದಲಿನಿಂದಲೂ ಇತ್ತು. ಇಟಲಿಯ ವಿದ್ವಾಂಸ ಅಲೆಸ್ಸಾಂಡ್ರೊ ಪೋರ್ಟೆಲ್ಲಿ ಅದನ್ನೇ ತಿರುಗಿಸಿ ನೋಡಿದರು. ಟೆರ್ನಿಯ ಉಕ್ಕಿನ ಕಾರ್ಮಿಕರಲ್ಲಿ ಹಲವರು 1949ರಲ್ಲಿ ನಡೆದ ಸಹೋದ್ಯೋಗಿಯ ಸಾವನ್ನು 1953ರ ಸಾಮೂಹಿಕ ವಜಾ ವಿರುದ್ಧದ ಹೋರಾಟಕ್ಕೆ ಜೋಡಿಸಿ ಹೇಳುತ್ತಿದ್ದರು. ಆ ತಪ್ಪೇ ಕಾರ್ಮಿಕರ ಮನಸ್ಸಿನ ಇತಿಹಾಸ ಎಂದು ಪೋರ್ಟೆಲ್ಲಿ ವಾದಿಸಿದರು. ಕೆಂಟಕಿಯ ಹಾರ್ಲನ್ ಕೌಂಟಿಯ ಕುರಿತ ಅವರ ಪುಸ್ತಕ 2010ರಲ್ಲಿ ಬಂತು. ಅದಕ್ಕೆ ಮುನ್ನ, 1990ರಲ್ಲಿ, ಕೇಳುವವರು ಮತ್ತು ಹೇಳುವವರು ಇಬ್ಬರಿಗೂ ಕಥನದ ಮೇಲೆ ಅಧಿಕಾರವಿದೆ ಎಂಬ ವಿಚಾರವನ್ನು ಇತಿಹಾಸಕಾರ ಮೈಕೆಲ್ ಫ್ರಿಶ್ ಮುಂದಿಟ್ಟಿದ್ದರು.

ಈ ವಿಚಾರ ಕೃತಿಗಿಳಿದದ್ದೂ ಹಾರ್ಲನ್‌ನಲ್ಲೇ. ಅಲ್ಲಿನ ಸಮುದಾಯ ಕಾಲೇಜು ಸಂಗ್ರಹಿಸಿದ ಊರವರ ಮಾತುಗಳು 2005ರಲ್ಲಿ 'ಹೈಯರ್ ಗ್ರೌಂಡ್' ಎಂಬ ನಾಟಕವಾದವು. ಊರವರೇ ಬಣ್ಣ ಹಚ್ಚಿದರು. ಇನ್ನು ತಂತ್ರಜ್ಞಾನದ ಕಡೆ, ಕೆಂಟಕಿ ವಿಶ್ವವಿದ್ಯಾಲಯದ ನನ್ ಮೌಖಿಕ ಇತಿಹಾಸ ಕೇಂದ್ರ 2008ರಲ್ಲಿ ರೂಪಿಸಿದ ತಂತ್ರಾಂಶದಿಂದ, ದೀರ್ಘ ಸಂದರ್ಶನದಲ್ಲಿ ಬೇಕಾದ ಮಾತಿಗೇ ನೇರವಾಗಿ ಹೋಗಿ ಕೇಳುವುದು ಸಾಧ್ಯವಾಯಿತು.

ತಂತ್ರಜ್ಞಾನ ಸುಧಾರಿಸಿದೆ, ಸಿದ್ಧಾಂತ ಬಲಿತಿದೆ. ಆದರೆ ಕಪಾಟು ಸೇರಿದ ಧ್ವನಿ ಅದನ್ನು ಕೊಟ್ಟ ಊರಿಗೆ ಮರಳದಿದ್ದರೆ ವಿಶ್ವವಿದ್ಯಾಲಯ ಮಾಡಿದ್ದು ಅರ್ಧ ಕೆಲಸ ಮಾತ್ರ.